ಅಂಗೈ ಮೇಲಿನ ಸರಸ್ವತಿಯಿಂದ ಮಕ್ಕಳ ಗ್ರಾಮಸಭೆಗೆ



ಮಧುರೆ ಅಂದರೆ ಬೆಂಗಳೂರಿನವರಿಗೆ ನೆನಪಾಗುವುದು ಶನಿಮಹಾತ್ಮನ ದೇವಸ್ಥಾನ, ಶನಿವಾರದ ಜನಜಂಗುಳಿ. ದೊಡ್ಡಬಳ್ಳಾಪುರ ತಾಲ್ಲೂಕಿನ ಇಂಥ ಹೋಬಳಿ ಊರುಗಳ ಹೈಸ್ಕೂಲುಗಳಲ್ಲಿ ಇನ್ನೊಂದು ಸಡಗರವಿದೆ, ಶಾಲಾ ಸಂಸತ್ತಿನ ಚುನಾವಣೆ. ನಾಮಪತ್ರ, ಚಿಹ್ನೆ, ಪ್ರಚಾರ, ಬೆರಳಿಗೆ ಶಾಯಿ. ಈಚೆಗೆ ಮೇಷ್ಟ್ರ ಮೊಬೈಲೇ ಮತಯಂತ್ರ. ಆಮೇಲೆ ಮುಖ್ಯಮಂತ್ರಿಯಿಂದ ಹಿಡಿದು ಸ್ವಚ್ಛತಾ ಮಂತ್ರಿಯವರೆಗೆ ಪ್ರಮಾಣವಚನ. ಇಷ್ಟೆಲ್ಲ ಆಗುವುದಕ್ಕೆ ಇನ್ನೂರು ವರ್ಷ ಹಿಡಿಯಿತು.

1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್ ತನ್ನ ಜಿಲ್ಲೆಯ 533 ಶಾಲೆಗಳ ಬಗ್ಗೆ ಮದರಾಸಿಗೆ ವರದಿ ಕಳಿಸಿದ. ಬೆಳಿಗ್ಗೆ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರಂತೆ. ಎರಡನೆಯವನಿಗೆ ಸೊನ್ನೆ. ಮೂರನೆಯವನಿಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೇ ಏರುತ್ತ ಹೋಗುತ್ತಿತ್ತು. ಕೊನೆಗೆ ಬಂದವನ ಪಾಡು ನೀವೇ ಊಹಿಸಿ! ಓದಿನಲ್ಲಿ ಮುಂದಿದ್ದ ಹುಡುಗರು ಚಿಕ್ಕವರಿಗೆ ಪಾಠ ಹೇಳಿಕೊಡುತ್ತಿದ್ದರು. ಇದನ್ನು ಕ್ಯಾಂಪ್‌ಬೆಲ್ ಮೆಚ್ಚಿದ, ಇಂಗ್ಲೆಂಡೂ ಈ ಕ್ರಮವನ್ನು ಅನುಸರಿಸಿದೆ ಎಂದು ಬರೆದ. ಅದಕ್ಕೂ ಮುಂಚೆ, 1797ರಲ್ಲೇ, ಮದರಾಸಿನ ಅನಾಥಾಲಯದಲ್ಲಿದ್ದ ಪಾದ್ರಿ ಆಂಡ್ರ್ಯೂ ಬೆಲ್ ಇದೇ ಪದ್ಧತಿಯ ಮೇಲೆ ಲಂಡನ್ನಿನಲ್ಲಿ ಪುಸ್ತಕ ಹೊರಡಿಸಿದ್ದ. ನಮ್ಮ ಜಗಲಿ ಶಾಲೆಯ ದೊಡ್ಡ ಹುಡುಗ ಸಮುದ್ರ ದಾಟಿ, ಮಾನಿಟರ್ ಆಗಿ ವಾಪಸು ಬಂದ.

ಆದರೆ ಈ ಮಾನಿಟರ್ ಮೇಷ್ಟ್ರ ಕೈಯಾಳು, ಹುಡುಗರ ಪ್ರತಿನಿಧಿಯಲ್ಲ. ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವುದೇ ಅವನ ಕೆಲಸ. ಸ್ಕೌಟ್ಸ್, ಸೇವಾದಳ, 1948ರ ಕಾಯಿದೆಯಿಂದ ಬಂದ ಎನ್‌ಸಿಸಿ ಶಿಸ್ತು ಕಲಿಸಿದವು, ನಿಜ. ಆದರೆ ಅಲ್ಲೂ ಹೇಳಿದ್ದನ್ನು ಮಾಡುವುದೇ ಹೆಚ್ಚು. 1947ರಲ್ಲಿ ಮೈಸೂರು ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರ ಬೇಕೆಂದು ನಡೆದ 'ಮೈಸೂರು ಚಲೋ' ಚಳವಳಿಗೆ ಶಾಲೆ ಬಿಟ್ಟು ಬೀದಿಗಿಳಿದ ಹುಡುಗರಿಗೆ ಯಾವ ಹುದ್ದೆಯೂ ಇರಲಿಲ್ಲ. ಆ ಸೆಪ್ಟೆಂಬರಿನಲ್ಲಿ ಗುಂಡಿಗೆ ಬಲಿಯಾದ ವಿದ್ಯಾರ್ಥಿ ರಾಮಸ್ವಾಮಿಯ ಹೆಸರು ಮೈಸೂರಿನ ವೃತ್ತವೊಂದಕ್ಕೆ ಇವತ್ತಿಗೂ ಇದೆ.

1966-67ರಲ್ಲಿ ದಿಲ್ಲಿಯ ಶಾಲೆಗಳಲ್ಲಿ ಕೇಂದ್ರ ಸರ್ಕಾರ ಯುವ ಸಂಸತ್ತು ಸ್ಪರ್ಧೆ ಶುರುಮಾಡಿತು. ಅದು ಮುಖ್ಯವಾಗಿ ಚರ್ಚಾಸ್ಪರ್ಧೆಯೇ. ನಿಜವಾದ ತಿರುವು, ನನ್ನ ಪ್ರಕಾರ, ಬಂದದ್ದು ಶಾಲೆಯ ಹೊರಗಿನಿಂದ, ಶಾಲೆಗೇ ಹೋಗದ ಮಕ್ಕಳಿಂದ. 1990ರಲ್ಲಿ ಕರ್ನಾಟಕದ ದುಡಿಯುವ ಮಕ್ಕಳು 'ಭೀಮ ಸಂಘ' ಕಟ್ಟಿಕೊಂಡರು. ಆ ದಶಕದಲ್ಲೇ ಕುಂದಾಪುರದ ಕೆರಾಡಿಯಂಥ ಹಳ್ಳಿಗಳಲ್ಲಿ ಮಕ್ಕಳ ಪಂಚಾಯಿತಿಗಳು ಹುಟ್ಟಿದವು. ಮಳೆಗಾಲದಲ್ಲಿ ತೋಡು ದಾಟಲು ಕಾಲುಸಂಕ, ಅಂದರೆ ಕಿರುಸೇತುವೆ, ಬೇಕೆಂದು ಅಲ್ಲಿನ ಮಕ್ಕಳು ಹಿರಿಯರ ಮುಂದೆ ಲೆಕ್ಕ ಸಮೇತ ಕೇಳಿದರು. ಅಂಥ ಅನುಭವಗಳ ಬೆನ್ನಿಗೆ, 2006ರಲ್ಲಿ ಪ್ರತಿ ಗ್ರಾಮ ಪಂಚಾಯಿತಿಯೂ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ರಾಜ್ಯ ಸರ್ಕಾರ ಹೇಳಿತು.

2018ರಲ್ಲಿ ಚುನಾವಣಾ ಆಯೋಗ ಹೈಸ್ಕೂಲುಗಳಿಗೂ ಚುನಾವಣಾ ಸಾಕ್ಷರತಾ ಕ್ಲಬ್ ತಂದಿತು. ತಮಾಷೆ ನೋಡಿ: ನಮ್ಮ ಕಾಲೇಜುಗಳಲ್ಲಿ ವಿದ್ಯಾರ್ಥಿ ಚುನಾವಣೆ ನಿಂತು ದಶಕಗಳೇ ಕಳೆದಿವೆ, ಎಂಟನೇ ಕ್ಲಾಸಿನವರು ಮಾತ್ರ ಮಂತ್ರಿಮಂಡಲ ರಚಿಸುತ್ತಿದ್ದಾರೆ.

ಆದರೆ ಈ ಮಂತ್ರಿಗಿರಿ ಬ್ಯಾಡ್ಜಿಗೇ ಮುಗಿದರೆ ಶಾಲೆಯ ಮಂತ್ರಿಯೂ ಮತ್ತೆ ಹಳೇ ಮಾನಿಟರೇ. ಶೌಚಾಲಯಕ್ಕೆ ನೀರಿಲ್ಲ, ಸಂಜೆ ಬಸ್ಸಿಲ್ಲ ಎಂದು ಶಾಲಾ ಸಂಸತ್ತು ಬರೆದಿಟ್ಟ ಮಾತು ಗ್ರಾಮಸಭೆಯ ನಡಾವಳಿ ಪುಸ್ತಕಕ್ಕೆ ಹತ್ತಬೇಕು. ಮಧುರೆ ಹೋಬಳಿಯ ಪಂಚಾಯಿತಿ ಸದಸ್ಯರಲ್ಲಿ, ಪಿಡಿಒಗಳಲ್ಲಿ ನನ್ನದೊಂದು ಕೋರಿಕೆ. ಈ ಸಲ ಮಕ್ಕಳ ಗ್ರಾಮಸಭೆ ಕರೆದಾಗ, ಭಾಷಣಗಳಿಗೆ ಮೊದಲು, ಹೋದ ವರ್ಷ ಮಕ್ಕಳು ಕೇಳಿದ್ದೇನು, ಅದರಲ್ಲಿ ಆದದ್ದೆಷ್ಟು ಎಂದು ಅವರೆದುರೇ ಓದಿ ಹೇಳಿ.