ಬಾವುಟದ ಮೇಲೆ ಯಾರ ಹೆಸರೂ ಬೇಡ
(ಗದಗ-ಬೆಟಗೇರಿಯ ತರುಣರ ಎದುರು ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತು)



ನಾನು ಭಾಷಣಕಾರನಲ್ಲ. ಪಿಯುಸಿವರೆಗೆ ಓದಿ ಗದುಗಿನಲ್ಲಿ ಪ್ರೆಸ್ಸು ನಡೆಸಿಕೊಂಡಿರುವವನು. ಆಗಸ್ಟ್ ಬಂತೆಂದರೆ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯಿಂದ ನಿಮ್ಮಂಥ ಹುಡುಗರು ಬರುತ್ತಾರೆ. "ಅಣ್ಣಾರ, ಸಾವಿರ ಕಾಗದದ ಬಾವುಟ ಹೊಡಕೊಡ್ರಿ. ಬಿಳಿ ಪಟ್ಟಿ ಖಾಲಿ ಐತಲ್ಲ, ಅಲ್ಲಿ ನಮ್ಮ ಸಂಘದ ಹೆಸರು ಹಾಕ್ರಿ, ಬಾಜೂಕ ಅಧ್ಯಕ್ಷರ ಫೋಟೋ" ಎನ್ನುತ್ತಾರೆ.

ಖಾಲಿಯಂತೆ! ಕರಪತ್ರದ ತುಂಬ ಹೆಸರು ಹಾಕಿಕೊಡುತ್ತೇನೆ, ಬಾವುಟದ ಮೇಲೆ ಮಾತ್ರ ಒಂದು ಅಕ್ಷರವನ್ನೂ ಹೊಡೆಯುವುದಿಲ್ಲ. ಕೆಲವರು ಸಿಟ್ಟಾಗಿ ಬೇರೆ ಪ್ರೆಸ್ಸಿಗೆ ಹೋಗುತ್ತಾರೆ. ಹೋಗಲಿ.

ಇದು ನನ್ನ ಹಟವಲ್ಲ. 1971ರ ರಾಷ್ಟ್ರೀಯ ಗೌರವಕ್ಕೆ ಅಪಮಾನ ತಡೆ ಕಾಯ್ದೆಯ ಪ್ರಕಾರ ಧ್ವಜದ ಮೇಲೆ ಏನೇ ಬರೆದರೂ ಅಪಮಾನ. ಶಿಕ್ಷೆ 3 ವರ್ಷದವರೆಗೆ ಜೈಲು, ಇಲ್ಲವೆ ದಂಡ, ಇಲ್ಲವೆ ಎರಡೂ. ಕನ್ನಡದಲ್ಲಿ ಬರೆದರೆ ರಿಯಾಯಿತಿ ಇಲ್ಲ! ಹಾರಿಸುವ ಮುಂಚೆ ಒಳಗೆ ಹೂವಿನ ಎಸಳು ಇಡಬಹುದು, ಅಷ್ಟೇ.

ಪ್ರೆಸ್ಸಿನವರ ಕಳ್ಳತನವನ್ನೂ ಹೇಳಿಬಿಡುತ್ತೇನೆ. ಚಕ್ರದ ನೀಲಿಗೆ ಇನ್ನೊಂದು ಪ್ಲೇಟು ಬೇಕು. ಆ ಖರ್ಚು ಉಳಿಸಲು ಕಪ್ಪಿನಲ್ಲೇ ಚಕ್ರ ಒತ್ತುವವರಿದ್ದಾರೆ. ಕಾಗದ ಉಳಿಸಲು ಅಳತೆ ಕತ್ತರಿಸುತ್ತಾರೆ. ಉದ್ದ ಮೂರು ಪಾಲಾದರೆ ಎತ್ತರ ಎರಡು ಪಾಲಿರಬೇಕು, ಚಕ್ರಕ್ಕೆ 24 ಕಡ್ಡಿ ಇರಬೇಕು. ಎಣಿಸಿ ನೋಡಿಯೇ ದುಡ್ಡು ಕೊಡಿ.

ಬಟ್ಟೆಯ ಬಾವುಟದ ಮಾತು ಬೇರೆ. ಅದು ನಮ್ಮ ಸೀಮೆಯ ಹೆಮ್ಮೆ. ಧಾರವಾಡದ ಹತ್ತಿರದ ಗರಗದ ಖಾದಿ ದೇಶದ ಧ್ವಜವಾಗಿ ಹಾರಿದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಹೆಣ್ಣುಮಕ್ಕಳು ಹೊಲಿದ ಧ್ವಜ ದೇಶದ ಮೂಲೆಮೂಲೆಗೆ ಹೋಗಿದೆ. 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆ ತಿದ್ದಿ ಪಾಲಿಯೆಸ್ಟರಿಗೂ ಯಂತ್ರದ ಬಟ್ಟೆಗೂ ಒಪ್ಪಿಗೆ ಕೊಟ್ಟರು. ಕಾನೂನಿಗೆ ಸರಿ ಇರಬಹುದು, ನನಗೆ ಸರಿ ಕಾಣುವುದಿಲ್ಲ. ಬೆಟಗೇರಿಯ ಮಗ್ಗದ ಸದ್ದು ಕೇಳಿ ಬೆಳೆದ ನಿಮಗೆ ಕಾಣುತ್ತದೆಯೇ? ಬೆಂಗೇರಿಗೆ ಇಲ್ಲಿಂದ ಬಸ್ಸು ಹತ್ತಿದರೆ ಎಷ್ಟು ಹೊತ್ತಿನ ದಾರಿ!

ಇನ್ನು ನವೆಂಬರ್ 1ರ ಮಾತು. ಮ. ರಾಮಮೂರ್ತಿಯವರು ಕೊಟ್ಟ ಹಳದಿ-ಕೆಂಪು ಬಾವುಟ ನಮ್ಮ ಎದೆಯ ಬಾವುಟ, ಒಪ್ಪಿದೆ. ಆದರೆ ಒಂದೇ ಕಂಬಕ್ಕೆ ಎರಡನ್ನೂ ಕಟ್ಟುತ್ತೀರಿ, ಕೆಲವು ಕಡೆ ತ್ರಿವರ್ಣಕ್ಕಿಂತ ಎತ್ತರಕ್ಕೆ ಏರಿಸುತ್ತೀರಿ. ಸಂಹಿತೆಯಲ್ಲಿ ಇವೆರಡಕ್ಕೂ ಅವಕಾಶವಿಲ್ಲ, ಸರಿಸಮನಾಗಿ ಪಕ್ಕದಲ್ಲಿ ನಿಲ್ಲಿಸುವುದಕ್ಕೂ ಇಲ್ಲ. ನಮ್ಮದಕ್ಕೆ ಬೇರೆ ಕಂಬ ನೆಡಿ, ಸ್ವಲ್ಪ ತಗ್ಗಿರಲಿ, ಸ್ವಲ್ಪ ದೂರವಿರಲಿ. "ಇದು ಕನ್ನಡಕ್ಕೆ ಅವಮಾನ" ಎಂದು ಮೀಸೆ ತಿರುವುವ ಗೆಳೆಯರೇ, ನಮ್ಮ ಚಳವಳಿಯ ಮೇಲೆ ಕೇಸು ಜಡಿಯಲು ಕಾದವರಿಗೆ ನಾವೇ ಕಾರಣ ಒದಗಿಸಬೇಕೇ?

ಪ್ಲಾಸ್ಟಿಕ್ ಬಾವುಟ ಕೊಳ್ಳಲೇಬೇಡಿ. ಹರಿದದ್ದು, ಮಾಸಿದ್ದು ಹಾರಿಸಬೇಡಿ. ಆಗಸ್ಟ್ 16ರ ಬೆಳಿಗ್ಗೆ ಬೀದಿಯಲ್ಲಿ, ಗಟಾರದ ದಂಡೆಯಲ್ಲಿ ಬಿದ್ದ ಕಾಗದದ ಬಾವುಟಗಳನ್ನು ಆರಿಸಿ ಪ್ರೆಸ್ಸಿಗೆ ತನ್ನಿ. ಹಿತ್ತಲಲ್ಲಿ, ಯಾರ ಕಾಲಿಗೂ ಸಿಗದಂತೆ, ಮರ್ಯಾದೆಯಿಂದ ಸುಡೋಣ. ಚೀಲ ನಾನು ಕೊಡುತ್ತೇನೆ.