ಕಿವಿಗೊಟ್ಟು ನೋಡಬೇಕಾದ ಸಿನಿಮಾ: ರಾಬರ್ಟ್ ಬ್ರೆಸ್ಸಾನ್

ಫ್ರೆಂಚ್ ನಿರ್ದೇಶಕ ರಾಬರ್ಟ್ ಬ್ರೆಸ್ಸಾನ್ 1943ರಿಂದ 1983ರವರೆಗಿನ ನಲವತ್ತು ವರ್ಷಗಳಲ್ಲಿ ಮಾಡಿದ ಪೂರ್ಣಪ್ರಮಾಣದ ಚಿತ್ರಗಳು ಹದಿಮೂರು. ಒಂದಾದ ಮೇಲೊಂದರಂತೆ ನೋಡುತ್ತ ಹೋದರೆ, ಸಿನಿಮಾಕ್ಕೆ ಅನಿವಾರ್ಯವೆಂದು ಎಲ್ಲರೂ ನಂಬಿದ್ದನ್ನು ಅವರು ಕೈಬಿಡುತ್ತ ಬಂದದ್ದು ತಿಳಿಯುತ್ತದೆ.

1901ರಲ್ಲಿ ಹುಟ್ಟಿದ ಬ್ರೆಸ್ಸಾನ್ ಮೊದಲು ಕುಂಚ ಹಿಡಿದವರು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ಸೆರೆಯಾಳಾಗಿದ್ದು ಮರಳಿದ ಮೇಲೆ ಮಾಡಿದ ಮೊದಲ ಎರಡು ಚಿತ್ರಗಳಲ್ಲಿ ವೃತ್ತಿಪರ ನಟನಟಿಯರೇ ಇದ್ದರು. 1945ರ ಚಿತ್ರಕ್ಕೆ ಸಂಭಾಷಣೆ ಬರೆದವರು ಕವಿ ಝಾನ್ ಕಾಕ್ಟೋ. ಬರ್ನಾನೋಸ್ ಕಾದಂಬರಿ ಆಧರಿಸಿದ 1951ರ ‘ಹಳ್ಳಿಯ ಪಾದ್ರಿಯ ದಿನಚರಿ’ಯಿಂದ ದಾರಿ ಬದಲಾಯಿತು.

ಆ ದಾರಿ ನಿಚ್ಚಳವಾದದ್ದು 1956ರ ‘ಪಾರಾದ ಕೈದಿ’ಯಲ್ಲಿ. ಲಿಯೋನ್ ನಗರದ ಮೊಂಲ್ಯುಕ್ ಸೆರೆಮನೆಯಿಂದ ತಪ್ಪಿಸಿಕೊಂಡ ಆಂದ್ರೆ ದೆವಿನ್ಯಿಯ ನಿಜಕಥೆ ಅದು. ಕೈದಿ ಪಾರಾಗುತ್ತಾನೆಂದು ಶೀರ್ಷಿಕೆಯೇ ಹೇಳಿಬಿಡುತ್ತದೆ. ಆದರೂ ನೋಡುಗರು ಉಸಿರು ಬಿಗಿಹಿಡಿದು ಕೂರುತ್ತಾರೆ. ಊಟದ ಚಮಚವನ್ನು ನೆಲಕ್ಕೆ ಉಜ್ಜಿ ಹರಿತ ಮಾಡುವ ಕೈ, ಬಾಗಿಲಿನ ಹಲಗೆ ಕೆರೆಯುವ ಸದ್ದು, ಹೊರಗೆ ಕಾವಲುಗಾರನ ಹೆಜ್ಜೆ, ದೂರದ ರೈಲು: ಇವಿಷ್ಟೇ. ಸೆರೆಮನೆಯ ಹೊರಗಿನ ಲೋಕವೆಲ್ಲ ಕೇಳಿಸುತ್ತದೆ, ಕಾಣಿಸುವುದಿಲ್ಲ.

ಇದರ ನಾಯಕ ನಟನಲ್ಲ, ತತ್ತ್ವಶಾಸ್ತ್ರದ ವಿದ್ಯಾರ್ಥಿ. ಇಂಥವರನ್ನು ಬ್ರೆಸ್ಸಾನ್ ‘ಮಾದರಿಗಳು’ ಎಂದು ಕರೆದರು. ಒಂದೇ ಮಾತನ್ನು, ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡಿಸಿ, ಅಭಿನಯದ ಲೇಪ ಪೂರ್ತಿ ಹೋಗುವವರೆಗೆ ಬಿಡುತ್ತಿರಲಿಲ್ಲ. ಮುಖ ಭಾವವನ್ನು ಸಾರದಿದ್ದಾಗ ನೋಡುಗರೇ ಅದನ್ನು ತುಂಬಿಕೊಳ್ಳಬೇಕಾಗುತ್ತದೆ. ಇವು ನೀರಸ ಚಿತ್ರಗಳೆಂಬ ದೂರು ಹುಟ್ಟುವುದು ಇಲ್ಲಿಯೇ. ಅವುಗಳ ಶಕ್ತಿ ಇರುವುದೂ ಇಲ್ಲಿಯೇ.

1959ರ ‘ಜೇಬುಗಳ್ಳ’ನಲ್ಲಿ ಬೆರಳುಗಳೇ ಪಾತ್ರಗಳಾದವು. 1966ರ ‘ಬಾಲ್ತಜಾರ್’ನ ನಾಯಕ ಒಂದು ಕತ್ತೆ, ಶೂಬರ್ಟ್‌ನ ಪಿಯಾನೋ ಸಂಗೀತದ ನಡುವೆ ಅದರ ಅರಚು ನುಗ್ಗುವುದರಿಂದಲೇ ಚಿತ್ರ ಮೊದಲಾಗುತ್ತದೆ. ಯಜಮಾನನಿಂದ ಯಜಮಾನನಿಗೆ ಸಾಗಿ, ಕೊನೆಗೆ ಕುರಿಮಂದೆಯ ನಡುವೆ ಪ್ರಾಣ ಬಿಡುವ ಆ ಮೂಕಪ್ರಾಣಿಯಷ್ಟು ಕಲಕುವ ಪಾತ್ರ ಸಿನಿಮಾದಲ್ಲಿ ಅಪರೂಪ. 1969ರಿಂದ ಬಣ್ಣ ಬಂತು, ಬಿಗಿ ಸಡಿಲಲಿಲ್ಲ. 1974ರ ‘ಲ್ಯಾನ್ಸಲಟ್’ನ ಕುದುರೆ ಸವಾರರ ಈಟಿ ಪಂದ್ಯದ ದೃಶ್ಯದಲ್ಲಿ ಕಾಣುವುದು ಬಹುಪಾಲು ಕುದುರೆಯ ಕಾಲು, ಏರುವ ಬಾವುಟ, ಈಟಿ, ಪಂದ್ಯದ ರಭಸವನ್ನು ತುಂಬಿಕೊಡುವುದು ಗೊರಸಿನ, ಕವಚದ ಸದ್ದು.

ಕೊನೆಯ ಚಿತ್ರ, ಟಾಲ್‌ಸ್ಟಾಯ್ ಕಥೆ ಆಧರಿಸಿದ 1983ರ ‘ಹಣ’. ಒಂದು ಖೋಟಾ ನೋಟು ಕೈಯಿಂದ ಕೈಗೆ ದಾಟಿ ಕೊಲೆಯವರೆಗೆ ಒಯ್ಯುತ್ತದೆ. ಈ ಚಿತ್ರಕ್ಕೆ ಕಾನ್ ಚಿತ್ರೋತ್ಸವದಲ್ಲಿ ರಷ್ಯನ್ ನಿರ್ದೇಶಕ ತಾರ್ಕೋವ್‌ಸ್ಕಿ ಅವರೊಂದಿಗೆ ಪ್ರಶಸ್ತಿ ಹಂಚಿಕೊಂಡ ಬ್ರೆಸ್ಸಾನ್ 1999ರಲ್ಲಿ ತೀರಿಕೊಂಡರು. ಭಾರತದಲ್ಲಿ ಅವರ ಋಣವನ್ನು ಬಹಿರಂಗವಾಗಿ ಒಪ್ಪಿಕೊಂಡವರು ‘ಉಸ್ಕಿ ರೋಟಿ’ಯ ನಿರ್ದೇಶಕ ಮಣಿ ಕೌಲ್.

ಬ್ರೆಸ್ಸಾನರನ್ನು ಹೊಸದಾಗಿ ನೋಡುವವರು ‘ಪಾರಾದ ಕೈದಿ’ಯಿಂದ ಶುರುಮಾಡುವುದು ಒಳ್ಳೆಯದು, ಗದ್ದಲವಿಲ್ಲದ ಕೋಣೆಯಲ್ಲಿ, ಒಂದೇ ಪಟ್ಟಿನಲ್ಲಿ.