ಮೂಲೆಯಾಚೆಯ ಕಾರಿನ ಮಾತು ನಮಗೆ ಯಾಕೆ ಕೇಳಿಸಲ್ಲ?

ಪುಣೆಯ ಸದಾಶಿವ ಪೇಠೆಯ ಗಲ್ಲಿಗಳಲ್ಲಿ ಗಾಡಿ ಓಡಿಸಿದವರು ಇಲ್ಲಿ ಇದ್ದೇ ಇರ್ತೀರಿ. ರಸ್ತೆ ಮೂಲೆವರೆಗೂ ಕಟ್ಟಡ. ಅಡ್ಡರಸ್ತೆಯಿಂದ ಯಾರು ಬರ್ತಿದ್ದಾರೆ ಅಂತ ಗಾಡಿ ಮುಂದೆ ತಗೊಳ್ಳೋವರೆಗೂ ಗೊತ್ತಾಗಲ್ಲ. ಅದಕ್ಕೇ ಹಾರ್ನ್ ಹೊಡೀತೀವಿ. ಆ ಹಾರ್ನ್ ಕೆಲಸವನ್ನು ರೇಡಿಯೋ ಮಾಡಬೇಕು ಅನ್ನೋದೇ ವಿ-ಟು-ವಿ. ಪ್ರತಿ ಕಾರೂ ತಾನೆಲ್ಲಿದ್ದೀನಿ, ಎಷ್ಟು ವೇಗದಲ್ಲಿದ್ದೀನಿ ಅಂತ ಸೆಕೆಂಡಿಗೆ ಸುಮಾರು 10 ಸಲ ಸುತ್ತಲಿನ ಕಾರುಗಳಿಗೆ ಹೇಳುತ್ತೆ.

ನನ್ನ ಎಂಟೆಕ್ ಪ್ರಾಜೆಕ್ಟ್ ಇದೇ ಆಗಿತ್ತು. ಸಿಮ್ಯುಲೇಷನ್‌ನಲ್ಲಿ ರಸ್ತೆ ಹಾಕಿದ್ದೆ, ಕಾರು ಹಾಕಿದ್ದೆ, ಕಟ್ಟಡ ಮಾತ್ರ ಹಾಕಿರಲಿಲ್ಲ. ಗ್ರಾಫ್ ಚೆನ್ನಾಗಿ ಬಂತು, ಮಾರ್ಕ್ಸೂ ಬಂತು.

ಕೆಲಸಕ್ಕೆ ಸೇರಿದ ಮೇಲೆ ನಿಜವಾದ ಎರಡು ಕಾರುಗಳಲ್ಲಿ ಪರೀಕ್ಷೆ ಮಾಡಿದೆವು. ಹೆದ್ದಾರಿಯಲ್ಲಿ ನೂರಾರು ಮೀಟರ್ ದೂರದಿಂದಲೂ ಮೆಸೇಜ್ ಬಂತು. ಊರೊಳಗಿನ ಚೌಕಕ್ಕೆ ಬಂದಾಗ ಸ್ಕ್ರೀನ್ ಖಾಲಿ. ಇನ್ನೊಂದು ಕಾರಿನ ಬಾನೆಟ್ ಕಣ್ಣಿಗೆ ಬಿದ್ದ ಮೇಲೆ ಬೀಪ್ ಅಂತು. ಕಾರು ಓಡಿಸ್ತಿದ್ದ ಕಾಕಾ ನನ್ನ ಕಡೆ ತಿರುಗಿ, "ಸಾಹೇಬ್, ನನಗೆ ಕಂಡ ಮೇಲೆ ಇದು ಹೇಳೋದಾದ್ರೆ, ಇದ್ಯಾಕೆ ಬೇಕು?" ಅಂದ್ರು. ನನ್ನ ಹತ್ರ ಉತ್ತರ ಇರಲಿಲ್ಲ.

ಕಾರಣ ಸರಳ. ಎಫ್‌ಎಂ ರೇಡಿಯೋ ಅಲೆ ಸುಮಾರು 3 ಮೀಟರ್ ಉದ್ದ. ವಿ-ಟು-ವಿ ಬಳಸೋ 5.9 ಗಿಗಾಹರ್ಟ್ಸ್ ಅಲೆ ಬರೀ 5 ಸೆಂಟಿಮೀಟರ್. ಅಲೆ ಚಿಕ್ಕದಾದಷ್ಟೂ ಕಟ್ಟಡದ ಮೂಲೆಯಲ್ಲಿ ಬಾಗೋದು ಕಡಿಮೆ. ಕಾಂಕ್ರೀಟ್ ಗೋಡೆ ಅದರ ಬಹುಪಾಲನ್ನು ತಡೆಯುತ್ತೆ. ನಮಗೆ ಸಿಗೋದು ಎದುರು ಗೋಡೆಗಳಿಗೆ ಬಡಿದು ಬಂದ ದುರ್ಬಲ ಪ್ರತಿಧ್ವನಿಗಳು, ಅದೂ ಒಂದೊಂದು ಒಂದೊಂದು ಹೊತ್ತಿಗೆ. ಮಧ್ಯೆ ಒಂದು ಬಸ್ ನಿಂತ್ರೆ, ಕಾರಿನ ತಲೆ ಮೇಲಿರೋ ಆಂಟೆನಾಗೆ ಅದೂ ಗೋಡೆಯೇ.

ಪ್ರತಿಧ್ವನಿಯ ಬಗ್ಗೆ 802.11ಪಿ ಮಾನದಂಡ ಮಾಡಿದವರು ಯೋಚಿಸಿದ್ದರು. ಸಾಮಾನ್ಯ ವೈಫೈನಲ್ಲಿ ಒಂದು ಸಂಕೇತಕ್ಕೂ ಮುಂದಿನದಕ್ಕೂ ನಡುವೆ 0.8 ಮೈಕ್ರೋಸೆಕೆಂಡ್ ಬಿಡುವು, ಇಲ್ಲಿ 1.6. ಆ ಹೊತ್ತಲ್ಲಿ ರೇಡಿಯೋ ಅಲೆ ಸುಮಾರು 480 ಮೀಟರ್ ಹೋಗುತ್ತೆ. ಅಷ್ಟು ಸುತ್ತಿ ಬಂದ ಪ್ರತಿಧ್ವನಿಯನ್ನೂ ಸಂಭಾಳಿಸಬಹುದು. ಆದರೆ ಸಿಗ್ನಲ್ಲೇ ತಲುಪದಿದ್ರೆ ಬಿಡುವು ಏನು ಮಾಡೀತು?

50 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 14 ಮೀಟರ್ ಹೋಗುತ್ತೆ. ಸತತ 10 ಮೆಸೇಜ್ ಕಳೆದುಹೋದ್ರೆ 14 ಮೀಟರ್ ಕಳೆದುಕೊಂಡ ಹಾಗೆ. ಬ್ರೇಕ್ ಹಾಕೋಕೆ ಬೇಕಿದ್ದ ಜಾಗ ಅದು.

ದಾರಿಯಿಲ್ಲ ಅಂತಲ್ಲ. ಎರಡೂ ರಸ್ತೆ ಕಾಣೋ ಹಾಗೆ ಚೌಕದ ಕಂಬದ ಮೇಲೆ ಒಂದು ರೇಡಿಯೋ ಇಟ್ರೆ, ಈ ಕಡೆಯ ಮಾತನ್ನು ಅದು ಆ ಕಡೆಗೆ ದಾಟಿಸುತ್ತೆ. ಎಲ್ಲಾ ಚೌಕಕ್ಕೂ ಬೇಡ. ರಸ್ತೆ ಅಗಲ ಇದ್ದು, ಮೂಲೆ ಕಟ್ಟಡ ಹಿಂದಕ್ಕಿದ್ರೆ ನೇರವಾಗೇ ಚೆನ್ನಾಗಿ ಕೇಳಿಸುತ್ತೆ.

ಈಗ ನಮ್ಮ ಮೊದಲ ಪರೀಕ್ಷೆ ಹೆದ್ದಾರಿಯಲ್ಲಿ ಅಲ್ಲ, ಕುರುಡು ತಿರುವಿನಲ್ಲಿ. ನೀವು ಯಾವ ಕ್ಷೇತ್ರದಲ್ಲೇ ಇರಿ, ಯಾರಾದ್ರೂ "ರೇಂಜ್ ಇಷ್ಟು ಮೀಟರ್" ಅಂದ್ರೆ, "ಎಲ್ಲಿ ಅಳೆದಿದ್ದು?" ಅಂತ ಕೇಳಿ. ಕಣ್ಣಿಗೆ ಕಾಣೋ ಕಡೆ ರೇಡಿಯೋ ಕೆಲಸ ಮಾಡೋದು ದೊಡ್ಡದಲ್ಲ. ಕಾಕಾ ಕೇಳಿದ್ದೂ ಅದನ್ನೇ.